ನೈಲ್ ನದಿಯ ಪಯಣವೂ ದರ್ಶನದ ಋಣವೂ

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಬರುವನೆಂದು ಶಾಸ್ತ್ರವು ಹೇಳುತ್ತದೆ. ಯಜ್ಞದಿಂದ ಮೊದಲನೆಯದೂ, ಅಧ್ಯಯನದಿಂದ ಎರಡನೆಯದೂ, ಸಂತಾನದಿಂದ ಮೂರನೆಯದೂ ತೀರುವುವು. ಆದರೆ ಪೂರ್ವಿಕರು ಕಟ್ಟಿ ನಿಲ್ಲಿಸಿದ ಮಹಾಕೃತಿಗಳನ್ನು ಕಣ್ಣಾರೆ ಕಂಡು ಸಂತೋಷಪಟ್ಟು ಹಿಂದಿರುಗುವವನಿಗೆ ಆ ಸಂತೋಷದ ಬಾಬತ್ತಿನಲ್ಲಿ ಸಲ್ಲಿಸತಕ್ಕ ಋಣವೊಂದುಂಟೇ? ಉಂಟಾದರೆ ಅದನ್ನು ತೀರಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಈಜಿಪ್ಟ್ ದೇಶದ ನೈಲ್ ನದಿಯಷ್ಟು ತಕ್ಕ ಸ್ಥಳವು ಭೂಮಂಡಲದಲ್ಲಿ ಮತ್ತೊಂದಿರಲಾರದು. ಅಲ್ಲಿ ದೋಣಿಯೇರಿ ದೇವಾಲಯಗಳನ್ನು ನೋಡುವವರ ಸಾಲು ಎರಡೂವರೆ ಸಾವಿರ ವರ್ಷಗಳಿಂದಲೂ ಬಂದಿದೆ. ಆ ಸಾಲಿನಲ್ಲಿ ಭಕ್ತರೂ ಇದ್ದರು, ಚಕ್ರವರ್ತಿಗಳೂ ಇದ್ದರು, ಪಂಡಿತರೂ ಇದ್ದರು, ಕಳ್ಳರೂ ಇದ್ದರು.

ನೈಲ್ ನದಿಯ ಸ್ವಭಾವವನ್ನು ಮೊದಲು ತಿಳಿಯಬೇಕು. ಆಫ್ರಿಕಾ ಖಂಡದ ಒಳನಾಡಿನಲ್ಲಿ ಹುಟ್ಟಿ ದಕ್ಷಿಣದಿಂದ ಉತ್ತರಕ್ಕೆ ಹರಿದು ಅದು ಭೂಮಧ್ಯ ಸಮುದ್ರವನ್ನು ಸೇರುತ್ತದೆ. ಆದರೆ ಆ ನಾಡಿನಲ್ಲಿ ಗಾಳಿಯು ವರ್ಷದ ಬಹುಭಾಗ ಉತ್ತರದಿಂದ ದಕ್ಷಿಣಕ್ಕೆ ಬೀಸುವುದು. ಆದುದರಿಂದ ಅಂಬಿಗನು ಹಾಯಿಯನ್ನು ಬಿಚ್ಚಿದರೆ ಗಾಳಿಯೇ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ಒಯ್ಯುತ್ತದೆ. ಹಾಯಿಯನ್ನು ಮಡಿಸಿದರೆ ನೀರೇ ಕೆಳಕ್ಕೆ ತರುತ್ತದೆ. ಹೋಗುವುದಕ್ಕೊಂದು, ಬರುವುದಕ್ಕೊಂದು, ಹೀಗೆ ಎರಡು ವಾಹನಗಳನ್ನು ಪ್ರಕೃತಿಯು ಒಂದೇ ನದಿಯಲ್ಲಿ ಇರಿಸಿದೆ. ಪ್ರಾಚೀನ ಈಜಿಪ್ಟಿನವರ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಪಯಣಿಸುವುದನ್ನು ಹೇಳುವ ಶಬ್ದಕ್ಕೆ ಹಾಯಿ ಬಿಚ್ಚಿದ ದೋಣಿಯ ಚಿತ್ರವನ್ನೂ, ಉತ್ತರಕ್ಕೆ ಪಯಣಿಸುವ ಶಬ್ದಕ್ಕೆ ಹಾಯಿಯಿಲ್ಲದ ದೋಣಿಯ ಚಿತ್ರವನ್ನೂ ಬರೆಯುತ್ತಿದ್ದರು. ನದಿಯ ಇಕ್ಕೆಲದಲ್ಲಿ ಹಸುರಾದ ಒಂದು ಕಿರಿದಾದ ಪಟ್ಟಿ. ಅದರಾಚೆ ಎರಡು ಕಡೆಯೂ ಮರಳುಗಾಡು. ಊರು, ಗದ್ದೆ, ಗುಡಿ, ಗೋರಿ ಎಲ್ಲವೂ ನದಿಯಿಂದ ಕೂಗಳತೆಯಲ್ಲಿ ಇಲ್ಲವೇ ಸ್ವಲ್ಪ ಹಾದಿಯಲ್ಲಿ ಇರುವುದರಿಂದ ದೋಣಿಯಲ್ಲಿ ಕುಳಿತವನಿಗೆ ಆ ದೇಶದ ಇತಿಹಾಸವೆಲ್ಲ ದಡದಲ್ಲಿಯೇ ದೊರೆಯುವುದು.

ಈ ನದಿಯು ನೋಡುವವರನ್ನು ಹೊತ್ತುದಕ್ಕಿಂತ ಬಹಳ ಮುಂಚೆ ಕಲ್ಲುಗಳನ್ನು ಹೊತ್ತಿತು. ದಕ್ಷಿಣದ ಅಸ್ವಾನಿನಲ್ಲಿ ಕೆಂಪು ಕಣಶಿಲೆ, ಸಿಲ್ಸಿಲಾ ಎಂಬಲ್ಲಿ ಮರಳುಗಲ್ಲು, ಉತ್ತರದ ತೂರಾ ಗಣಿಗಳಲ್ಲಿ ಸುಣ್ಣಗಲ್ಲು; ಇವುಗಳನ್ನೆಲ್ಲ ದೋಣಿಗಳ ಮೇಲೆಯೇ ಸಾಗಿಸುತ್ತಿದ್ದರು. ಕ್ರಿ. ಪೂ. ೧೫ನೆಯ ಶತಮಾನದಲ್ಲಿ ಆಳಿದ ಹತ್‌ಶೆಪ್ಸುತ್ ರಾಣಿಯು ಕಾರ್ನಾಕ್ ದೇವಾಲಯದಲ್ಲಿ ನಿಲ್ಲಿಸಿದ ಏಕಶಿಲಾ ಸ್ತಂಭವೊಂದು ಸುಮಾರು ೯೭ ಅಡಿ ಎತ್ತರವಾಗಿ ಇಂದಿಗೂ ನಿಂತಿದೆ. ಅದನ್ನು ಗಣಿಯಲ್ಲಿ ಕಡಿದು ಬಿಡಿಸುವುದಕ್ಕೆ ಏಳು ತಿಂಗಳು ಹಿಡಿಯಿತೆಂದು ಅದರ ಶಾಸನವೇ ಹೇಳುವುದು. ಅಂತಹ ಸ್ತಂಭಗಳನ್ನು ದೊಡ್ಡ ದೋಣಿಯ ಮೇಲೆ ಮಲಗಿಸಿ, ಚಿಕ್ಕ ದೋಣಿಗಳ ಸಾಲುಗಳಿಂದ ಎಳೆಸಿಕೊಂಡು ಬಂದ ದೃಶ್ಯವನ್ನು ಆಕೆಯು ಕಟ್ಟಿಸಿದ ದೇರ್ ಎಲ್ ಬಹ್ರಿಯ ಗೋಡೆಗಳಲ್ಲಿ ಕೆತ್ತಲಾಗಿದೆ. ದೇವರಿಗೂ ದೋಣಿಯೇ ವಾಹನವಾಗಿದ್ದಿತು. ವರ್ಷಕ್ಕೊಮ್ಮೆ ಓಪೆತ್ ಎಂಬ ಮಹೋತ್ಸವದಲ್ಲಿ ಅಮುನ್ ದೇವರ ಉತ್ಸವಮೂರ್ತಿಯು ಕಾರ್ನಾಕಿನಿಂದ ಎರಡು ಮೈಲಿಯಾಚೆಯ ಲಕ್ಸರ್ ದೇವಾಲಯಕ್ಕೆ ಬಿಜಯಮಾಡಿಸುತ್ತಿದ್ದಿತು. ಎರಡು ದಡಗಳಲ್ಲಿಯೂ ಜನರು ನೆರೆದು ವಾದ್ಯಘೋಷಗಳೊಡನೆ ಕೊಂಡಾಡುತ್ತಿದ್ದರು. ತೆಪ್ಪೋತ್ಸವವನ್ನು ಕಂಡಿರುವ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊರದೇಶದವರು ನೋಡಲು ಬಂದುದು ಮುಂದಿನ ಅಧ್ಯಾಯ. ನ್ಯೂಬಿಯಾ ಪ್ರಾಂತದ ಅಬುಸಿಂಬೆಲ್ ಎಂಬಲ್ಲಿ ಕ್ರಿ. ಪೂ. ೧೩ನೆಯ ಶತಮಾನದಲ್ಲಿ ಎರಡನೆಯ ರಾಮ್ಸೆಸ್ ರಾಜನು ಬೆಟ್ಟವನ್ನೇ ಕೊರೆಯಿಸಿ ಗುಹಾಲಯವನ್ನು ಮಾಡಿಸಿ, ಅದರ ಮುಂದೆ ಸುಮಾರು ೬೬ ಅಡಿ ಎತ್ತರದ ತನ್ನ ನಾಲ್ಕು ವಿಗ್ರಹಗಳನ್ನು ಕಡೆಯಿಸಿದನು. ಅವುಗಳಲ್ಲೊಂದರ ಕಾಲಿನ ಮೇಲೆ ಯವನ ಭಾಷೆಯ ಕೆಲವು ಸಾಲುಗಳಿವೆ. ಕ್ರಿ. ಪೂ. ೬ನೆಯ ಶತಮಾನದ ಆದಿಯಲ್ಲಿ ಈಜಿಪ್ಟಿನ ಅರಸನ ಸೈನ್ಯದೊಡನೆ ದಂಡಯಾತ್ರೆಗೆ ಬಂದ ಯವನ ಸಿಪಾಯಿಗಳು ತಮ್ಮ ಹೆಸರನ್ನು ಅಲ್ಲಿ ಕೆತ್ತಿ ಹೋದರು. ಕಂಡಲ್ಲೆಲ್ಲ ಹೆಸರು ಕೊರೆಯುವ ದುರಭ್ಯಾಸವು ಇಂದಿನ ಹುಡುಗರದು ಮಾತ್ರವೆಂದು ಭಾವಿಸುವವರು ಈ ಶಾಸನವನ್ನು ನೆನೆಯಬೇಕು. ವಿಪರ್ಯಾಸವೇನೆಂದರೆ, ಆ ಕಾಲದ ಯವನ ಲಿಪಿಯ ಸ್ವರೂಪವನ್ನು ತಿಳಿಯುವುದಕ್ಕೆ ವಿದ್ವಾಂಸರಿಗೆ ಆ ಕೆತ್ತನೆಯೇ ಇಂದು ಅಮೂಲ್ಯವಾದ ಆಧಾರವಾಗಿದೆ.

ರೋಮಕರ ಕಾಲಕ್ಕೆ ನೈಲ್ ಯಾತ್ರೆಯು ಶ್ರೀಮಂತರ ವಿನೋದವಾಯಿತು. ಲಕ್ಸರಿಗೆ ಎದುರಾಗಿ ಪಶ್ಚಿಮದ ದಡದಲ್ಲಿ ಮೂರನೆಯ ಅಮೆನ್‌ಹೊತೆಪ್ ರಾಜನ ಸುಮಾರು ೬೦ ಅಡಿಯ ಎರಡು ಆಸೀನ ವಿಗ್ರಹಗಳಿವೆ. ಕ್ರಿ. ಪೂ. ೧ನೆಯ ಶತಮಾನದ ಕೊನೆಯಲ್ಲಾದ ಭೂಕಂಪದಿಂದ ಒಡೆದ ಒಂದು ವಿಗ್ರಹದಿಂದ ಸೂರ್ಯೋದಯದ ವೇಳೆಗೆ ತಂತಿ ಮೀಟಿದಂತಹ ನಾದವು ಹೊರಡುತ್ತಿದ್ದಿತಂತೆ. ಯವನರು ಅದನ್ನು ತಮ್ಮ ಪುರಾಣಗಳ ಮೆಮ್ನಾನ್ ಎಂಬ ವೀರನ ಮೂರ್ತಿಯೆಂದು ಬಗೆದರು. ಕ್ರಿ. ಶ. ೧೩೦ರಲ್ಲಿ ಹೇಡ್ರಿಯನ್ ಚಕ್ರವರ್ತಿಯು ಪತ್ನಿ ಸಬೀನಳೊಡನೆ ಅದನ್ನು ಕೇಳಲು ಬಂದನು. ಪರಿವಾರದ ಜೂಲಿಯಾ ಬಲ್ಬಿಲ್ಲಾ ಎಂಬ ಕವಯಿತ್ರಿಯು ಆ ಸಂದರ್ಭದ ಪದ್ಯಗಳನ್ನು ವಿಗ್ರಹದ ಕಾಲಿನಲ್ಲಿಯೇ ಕೆತ್ತಿಸಿದಳು. ನೂರಕ್ಕೂ ಮಿಕ್ಕ ಇಂತಹ ಲೇಖನಗಳು ಅಲ್ಲಿವೆ. ಮುಂದೆ ವಿಗ್ರಹದ ಮೇಲ್ಭಾಗವನ್ನು ಕಲ್ಲುಗಳಿಂದ ಜೀರ್ಣೋದ್ಧಾರ ಮಾಡಿದರು. ಆಮೇಲೆ ಆ ನಾದವು ಕೇಳಿಸಲಿಲ್ಲ. ಬಂದವರೆಲ್ಲರೂ ನಾದವನ್ನು ಕೇಳಿದರೇ ಹೊರತು ಕುಳಿತಿರುವವನು ಯಾರೆಂದು ವಿಚಾರಿಸಿದವರು ವಿರಳ. ಅಮೆನ್‌ಹೊತೆಪ್ ತನ್ನ ನಾಡಿನಲ್ಲಿಯೇ ಪರರ ಹೆಸರಿನಿಂದ ಕರೆಯಿಸಿಕೊಂಡು ಕುಳಿತಿದ್ದನು.

ಇದಕ್ಕಿಂತ ದೊಡ್ಡ ವಿಸ್ಮೃತಿಯು ಕಾದಿದ್ದಿತು. ಅಸ್ವಾನಿನ ಬಳಿಯ ಫೀಲೆ ದ್ವೀಪದಲ್ಲಿ ಐಸಿಸ್ ದೇವಿಯ ಪೂಜೆಯು ಉಳಿದೆಡೆಗಳಲ್ಲಿ ನಿಂತ ಮೇಲೂ ನಡೆಯುತ್ತಿದ್ದಿತು. ಕ್ರಿ. ಶ. ೩೯೪ನೆಯ ಆಗಸ್ಟ್ ೨೪ರಂದು ಅಲ್ಲಿನ ಅರ್ಚಕನೊಬ್ಬನು ಕೆತ್ತಿದ ಲೇಖನವೇ ಕಾಲ ತಿಳಿದಿರುವ ಚಿತ್ರಲಿಪಿ ಶಾಸನಗಳಲ್ಲಿ ಕಟ್ಟಕಡೆಯದು. ೬ನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಿಂದ ಆ ಗುಡಿಯೂ ಮುಚ್ಚಿತು. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿದ್ದ ಲಿಪಿಯನ್ನು ಓದಬಲ್ಲವನು ಭೂಮಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಗುಡಿಗಳ ಅಂಗಳದಲ್ಲಿ ಮರಳು ಕಂಬಗಳ ನೆತ್ತಿಯವರೆಗೆ ಏರಿತು. ಎಡ್ಫುವಿನಲ್ಲಿ ದೇವಾಲಯದ ಚಾವಣಿಯ ಮೇಲೆಯೇ ಜನರು ಮನೆಗಳನ್ನು ಕಟ್ಟಿಕೊಂಡರು.

೧೭೯೮ರಲ್ಲಿ ನೆಪೋಲಿಯನ್ನನ ದಂಡಿನೊಡನೆ ಬಂದ ಫ್ರೆಂಚ್ ಪಂಡಿತರು ಈ ಅವಶೇಷಗಳ ಚಿತ್ರಗಳನ್ನು ಬರೆದು ಪ್ರಕಟಿಸಿದುದರಿಂದ ಯೂರೋಪಿನ ಕಣ್ಣು ನೈಲ್ ಕಡೆಗೆ ತಿರುಗಿತು. ಮರುವರ್ಷ ದೊರೆತ ರೊಸೆಟ್ಟಾ ಶಿಲೆಯಲ್ಲಿ ಒಂದೇ ವಿಷಯವು ಮೂರು ಲಿಪಿಗಳಲ್ಲಿದ್ದುದರಿಂದ, ಶಾಂಪೋಲಿಯಾನ್ ಎಂಬ ಫ್ರೆಂಚ್ ವಿದ್ವಾಂಸನು ೧೮೨೨ರಲ್ಲಿ ಚಿತ್ರಲಿಪಿಯ ರಹಸ್ಯವನ್ನು ಭೇದಿಸಿದನು. ೧೮೨೮ರಲ್ಲಿ ಆತನು ದೋಣಿಯೇರಿ ನೈಲ್ ನದಿಯನ್ನು ಹತ್ತಿ ಹೋದನು; ೧೮೨೯ರ ಹೊಸವರ್ಷದ ದಿನ ನ್ಯೂಬಿಯಾದಿಂದ ಪತ್ರ ಬರೆದು, ತಾನು ಕಂಡುಕೊಂಡ ವರ್ಣಮಾಲೆಯಲ್ಲಿ ತಿದ್ದತಕ್ಕುದು ಏನೂ ಇಲ್ಲವೆಂದು ತಿಳಿಸಿದನು. ಹದಿನಾಲ್ಕು ಶತಮಾನಗಳ ಮೌನದ ಬಳಿಕ ಗೋಡೆಗಳು ಒಬ್ಬ ಯಾತ್ರಿಕನೊಡನೆ ಮಾತನಾಡಿದುವು. ಇದು ದರ್ಶನದ ಪರಮಫಲವಲ್ಲವೇ?

ಆದರೆ ಇದೇ ಮಹನೀಯನು ಒಂದನೆಯ ಸೇತಿ ರಾಜನ ಗೋರಿಯಿಂದ ಚಿತ್ರಿತವಾದ ಭಿತ್ತಿಯೊಂದನ್ನು ಕೊಯ್ದು ಪ್ಯಾರಿಸ್ಸಿಗೆ ಸಾಗಿಸಿದನು. ಜೊತೆಗಾರನಾದ ರೊಸೆಲ್ಲಿನಿಯು ಅದರ ಜೋಡಿಯನ್ನು ಇಟಲಿಗೆ ಒಯ್ದನು. ಆ ಗೋರಿಯನ್ನು ೧೮೧೭ರಲ್ಲಿ ಹೊರಗೆಡಹಿದವನು ಬೆಲ್ಜೋನಿ. ಮೊದಲು ಜಾತ್ರೆಗಳಲ್ಲಿ ಮೈಬಲವನ್ನು ಪ್ರದರ್ಶಿಸಿ ಜೀವಿಸುತ್ತಿದ್ದ ಈ ಇಟಲಿಯವನು ೧೮೧೬ರಲ್ಲಿ ರಾಮ್ಸೆಸ್ ರಾಜನ ಟನ್ನುಗಟ್ಟಲೆ ಭಾರದ ಶಿಲಾಮಸ್ತಕವೊಂದನ್ನು ಸನ್ನೆಕೋಲುಗಳಿಂದಲೂ ಉರುಳುಗಳಿಂದಲೂ ನದಿಯವರೆಗೆ ಸರಿಸಿ, ದೋಣಿಗೆ ಏರಿಸಿ ಲಂಡನ್ನಿಗೆ ಕಳುಹಿಸಿದನು. ೧೮೧೭ನೆಯ ಆಗಸ್ಟ್ ೧ರಂದು ಅಬುಸಿಂಬೆಲಿನ ಮರಳನ್ನು ತೋಡಿ ಒಳಹೊಕ್ಕವನೂ ಈತನೇ. ಲಕ್ಸರ್ ದ್ವಾರದ ಎರಡು ಸ್ತಂಭಗಳಲ್ಲಿ ಒಂದು ೧೮೩೬ರಲ್ಲಿ ಪ್ಯಾರಿಸ್ಸಿನ ಚೌಕದಲ್ಲಿ ನಿಂತಿತು. ಹಿಂದೆ ಗಣಿಯಿಂದ ಗುಡಿಗೆ ಕಲ್ಲನ್ನು ತಂದ ನದಿಯೇ ಈಗ ಗುಡಿಯಿಂದ ಸಮುದ್ರಕ್ಕೆ ಕಲ್ಲನ್ನು ಸಾಗಿಸತೊಡಗಿತು. ಪ್ರಾಚೀನ ವಸ್ತುಗಳನ್ನು ದೇಶದಿಂದ ಹೊರಕ್ಕೆ ಒಯ್ಯಬಾರದೆಂದು ಮಹಮ್ಮದ್ ಅಲಿಯ ಸರ್ಕಾರವು ೧೮೩೫ರಲ್ಲಿಯೇ ಆಜ್ಞೆ ಹೊರಡಿಸಿದ್ದಿತು. ಆದರೆ ಆಜ್ಞೆಯು ಕಾಗದದಲ್ಲಿಯೇ ಉಳಿಯಿತು.

ಅನಂತರ ವಿಹಾರಾರ್ಥಿಗಳ ಕಾಲ. ಇವರು ಕೈರೋ ನಗರದ ಬೂಲಾಕ್ ರೇವಿನಲ್ಲಿ ದಹಬೀಯ ಎಂಬ ಹಾಯಿದೋಣಿಯನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಅರಬ್ಬೀ ಭಾಷೆಯಲ್ಲಿ ಚಿನ್ನವೆಂಬರ್ಥದ ಶಬ್ದದಿಂದ ಆ ಹೆಸರು ಬಂದುದು. ಮಲಗುವ ಕೋಣೆಗಳು, ಊಟದ ಸಾಲೆ, ಮೇಲೆ ಮೇಲ್ಕಟ್ಟು ಕಟ್ಟಿದ ಅಟ್ಟ, ಅಂಬಿಗರು, ಅಡಿಗೆಯವನು, ದುಭಾಷಿ. ಒಟ್ಟಿನಲ್ಲಿ ಅದೊಂದು ತೇಲುವ ಮನೆ. ಇಲಿಗಳ ಕಾಟ ತಪ್ಪಬೇಕಾದರೆ ಹತ್ತುವ ಮೊದಲು ದೋಣಿಯನ್ನು ಒಮ್ಮೆ ನೀರಿನಲ್ಲಿ ಮುಳುಗಿಸಿ ಎತ್ತಿಸತಕ್ಕದ್ದೆಂದು ವಿಲ್ಕಿನ್ಸನ್ ಪಂಡಿತನು ಪ್ರವಾಸಿಗಳಿಗೆ ಬುದ್ಧಿ ಹೇಳಿದ್ದಾನೆ. ಅನುಕೂಲವಾದ ಗಾಳಿಯಿರುವಾಗ ಎಲ್ಲಿಯೂ ತಡೆಯದೆ ದಕ್ಷಿಣಕ್ಕೆ ಏರುವುದು, ಇಳಿಯುವಾಗ ಒಂದೊಂದು ಗುಡಿಯನ್ನೂ ಸಾವಕಾಶವಾಗಿ ನೋಡುವುದು, ಇದು ವಾಡಿಕೆ. ಅಸ್ವಾನಿನ ಬಳಿ ಮೊದಲನೆಯ ಜಲಪಾತ. ಇದು ಹೆಸರಿಗೆ ಜಲಪಾತವೇ ಹೊರತು ಜೋಗದಂತೆ ಧುಮುಕುವುದಲ್ಲ. ಕಣಶಿಲೆಯ ಬಂಡೆಗಳ ನಡುವೆ ನೀರು ಹಲವು ಸೀಳಾಗಿ ನುಗ್ಗುವ ಸ್ಥಳ. ಅಲ್ಲಿ ಸುತ್ತಣ ಊರುಗಳ ಜನರು ಗುಂಪುಗೂಡಿ ಹಗ್ಗ ಹಿಡಿದು ದೋಣಿಯನ್ನು ಮೇಲಕ್ಕೆಳೆಯುತ್ತಿದ್ದರು. ೧೮೬೯ರಲ್ಲಿ, ಸೂಯೆಜ್ ಕಾಲುವೆಯು ತೆರೆದ ವರ್ಷ, ಥಾಮಸ್ ಕುಕ್ ಎಂಬ ಆಂಗ್ಲೇಯ ವರ್ತಕನು ಹೊಗೆಹಡಗುಗಳಲ್ಲಿ ಪ್ರಯಾಣಿಕರ ತಂಡವನ್ನು ಕರೆತಂದನು. ತಿಂಗಳುಗಳ ಯಾತ್ರೆಯು ಸುಮಾರು ಮೂರು ವಾರಗಳಿಗೆ ಇಳಿಯಿತು. ಸಿರಿವಂತರಿಗೆ ಮೀಸಲಾಗಿದ್ದ ದರ್ಶನವು ಮಧ್ಯಮವರ್ಗದವರಿಗೂ ಎಟುಕಿತು.

೧೮೭೩ರ ಕೊನೆಯಲ್ಲಿ ಕೈರೋ ನಗರಕ್ಕೆ ಬಂದಿಳಿದ ಅಮೀಲಿಯಾ ಎಡ್ವರ್ಡ್ಸ್ ಎಂಬ ಆಂಗ್ಲೇಯ ಕಾದಂಬರಿಕಾರ್ತಿಯಲ್ಲಿ ಈ ಕಥೆಯು ತಿರುವನ್ನು ಕಾಣುತ್ತದೆ. ಫ್ರಾನ್ಸಿನಲ್ಲಿ ಎಡೆಬಿಡದೆ ಸುರಿಯುತ್ತಿದ್ದ ಮಳೆಯಿಂದ ತಪ್ಪಿಸಿಕೊಳ್ಳುವುದಕ್ಕೆ ಬಿಸಿಲನ್ನರಸಿ ಬಂದವಳೇ ಹೊರತು ಆಕೆಗೆ ಬೇರೆ ಉದ್ದೇಶವಿರಲಿಲ್ಲ. ಫೀಲೆ ಎಂಬ ಹೆಸರಿನ ದಹಬೀಯದಲ್ಲಿ ಗೆಳತಿಯೊಡನೆ ಎರಡನೆಯ ಜಲಪಾತದವರೆಗೆ ಹೋದಳು. ದಾರಿಯಲ್ಲಿ ಕಂಡುದೇನು? ಗೋಡೆಗಳ ಮೇಲೆ ಪ್ರವಾಸಿಗಳ ಹೆಸರುಗಳು. ಒಡೆದು ಮಾರಿದ ಶಿಲ್ಪಗಳು. ಗೋರಿಗಳಿಂದ ಕದ್ದು ತಂದ ಶವಗಳ ವ್ಯಾಪಾರ. ಇನ್ನೊಂದು ದೋಣಿಯವರು ಬಹಳ ಬೆಲೆ ಕೊಟ್ಟು ಪುರಾತನ ಶವವೊಂದನ್ನು ಕೊಂಡು, ಅದರ ವಾಸನೆಯನ್ನು ತಾಳಲಾರದೆ ವಾರದೊಳಗೆ ನದಿಗೆ ಎಸೆದರೆಂದು ಆಕೆಯು ಬರೆದಿದ್ದಾಳೆ. ಅಬುಸಿಂಬೆಲಿನಲ್ಲಿ ಎರಡು ವಾರಕ್ಕಿಂತಲೂ ಹೆಚ್ಚು ಕಾಲ ತಂಗಿದ್ದಾಗ ನಡೆದ ಪ್ರಸಂಗವೊಂದುಂಟು. ಕೆಲವು ದಶಕಗಳ ಹಿಂದೆ ಯಾರೋ ರಾಮ್ಸೆಸ್ ವಿಗ್ರಹದ ಮುಖದ ಅಚ್ಚನ್ನು ತೆಗೆದುಕೊಂಡು ಹೋದಾಗ ಬಿಳಿಯ ಗಾರೆಯ ಕಲೆಗಳು ಮುಖದಲ್ಲಿ ಉಳಿದುಬಿಟ್ಟಿದ್ದುವು. ಅಂಬಿಗರನ್ನು ಸಾರುವೆ ಹತ್ತಿಸಿ ಗಾರೆಯನ್ನು ಕೆರೆಸಿದರು. ಅದಕ್ಕೂ ಹೋಗದ ಬಿಳುಪಿಗೆ ಕಾಫಿಯ ಕಷಾಯವನ್ನು ಬಳಿಸಿ ಕಲ್ಲಿನ ಬಣ್ಣಕ್ಕೆ ತಂದರು. ಅಡಿಗೆಯವನು ತನ್ನ ಕಾಫಿಯೆಲ್ಲವೂ ವಿಗ್ರಹದ ಪಾಲಾಗುವುದನ್ನು ಕಂಡು ಬೆರಗಾದನಂತೆ. ಇಂದಿನ ತಜ್ಞರು ಈ ಚಿಕಿತ್ಸೆಯನ್ನು ಒಪ್ಪಲಾರರು. ಆದರೆ ಮೂರು ಸಾವಿರ ವರ್ಷಗಳ ಮುಖವನ್ನು ನೋಡಿ ಅದರಿಂದ ಏನನ್ನು ಒಯ್ಯಲೆಂದು ಎಣಿಸದೆ, ಅದಕ್ಕೆ ಏನನ್ನು ಮಾಡಲೆಂದು ಎಣಿಸಿದ ಮನಸ್ಸನ್ನು ಮೆಚ್ಚಲೇಬೇಕು.

ಮನೆಗೆ ಮರಳಿದ ಮೇಲೆಯೂ ಆ ಎಣಿಕೆಯು ಆಕೆಯನ್ನು ಬಿಡಲಿಲ್ಲ. ಪ್ರವಾಸಗ್ರಂಥವನ್ನು ಬರೆದು, ಚಿತ್ರಲಿಪಿಯನ್ನು ಕಲಿತು, ಕಾದಂಬರಿಗಳನ್ನು ಬದಿಗಿಟ್ಟು, ೧೮೮೨ರಲ್ಲಿ ಕೆಲವು ವಿದ್ವಾಂಸರೊಡನೆ ಈಜಿಪ್ಟ್ ಸಂಶೋಧನ ನಿಧಿಯನ್ನು ಸ್ಥಾಪಿಸಿದಳು. ನಿಧಿಯ ಆಸೆಯಿಂದ ಅಗೆಯದೆ ಜ್ಞಾನಾರ್ಥವಾಗಿ ಅಗೆಯಬೇಕು, ದೊರೆತುದನ್ನೆಲ್ಲ ಬರೆದಿಟ್ಟು ಪ್ರಕಟಿಸಬೇಕು ಎಂಬುದು ಅದರ ಧ್ಯೇಯ. ೧೮೯೨ರಲ್ಲಿ ತೀರಿಕೊಂಡಾಗ ಆಕೆಯು ಬಿಟ್ಟ ಹಣದಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈಜಿಪ್ಟಿನ ಪ್ರಾಕ್ತನಶಾಸ್ತ್ರಕ್ಕೆ ಪೀಠವು ಏರ್ಪಟ್ಟಿತು. ಫ್ಲಿಂಡರ್ಸ್ ಪೆಟ್ರಿಯು ಅದರ ಮೊದಲನೆಯ ಆಚಾರ್ಯನಾದನು.

ಈ ನಿಧಿಯ ಕೆಲಸಕ್ಕೂ ಕನ್ನಡಕ್ಕೂ ಅನಿರೀಕ್ಷಿತವಾದ ಒಂದು ನಂಟುಂಟು. ೧೮೯೬-೯೭ರಲ್ಲಿ ನಿಧಿಯ ಪರವಾಗಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಪಂಡಿತರು ಕೈರೋ ನಗರಕ್ಕೆ ಸುಮಾರು ೧೦೦ ಮೈಲಿ ದಕ್ಷಿಣದಲ್ಲಿರುವ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಅಗೆಯತೊಡಗಿದರು. ಅಲ್ಲಿ ಸಿಕ್ಕಿದ ಅಸಂಖ್ಯಾತ ಪಪೈರಸ್ ಹಾಳೆಗಳಲ್ಲಿ ಒಂದು, ೧೯೦೩ರಲ್ಲಿ ಪ್ರಕಟವಾದ ಯವನ ಪ್ರಹಸನ. ಹಿಂದೂ ದೇಶದ ಸಮುದ್ರತೀರದಲ್ಲಿ ಸೆರೆಸಿಕ್ಕಿದ ಕಾರಿಟಿಯಾನ್ ಎಂಬ ಯವನ ಯುವತಿಯನ್ನು, ಅಲ್ಲಿಯ ಅರಸನಿಗೆ ಮದ್ಯ ಕುಡಿಸಿ ಮೈಮರೆಸಿ, ಅವಳ ಅಣ್ಣನು ಬಿಡಿಸಿಕೊಂಡು ಹೋಗುವುದೇ ಅದರ ಕಥಾವಸ್ತು. ಅರಸನೂ ಅವನ ಕಡೆಯವರೂ ಯವನರಿಗೆ ತಿಳಿಯದ ಭಾಷೆಯಲ್ಲಿ ಆಡುವ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ಶಾಸನತಜ್ಞ ಹುಲ್ಟ್‌ಷ್ ೧೯೦೪ರಲ್ಲಿ ಸೂಚಿಸಿದನು, ಆರ್. ಶಾಮಾಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಆ ವಿಚಾರವನ್ನು ಮುಂದುವರಿಸಿದರು. ಅವು ನಗೆಗಾಗಿ ಹೆಣೆದ ಅರ್ಥಹೀನ ಶಬ್ದಗಳೆಂಬ ಪಕ್ಷವೂ ಉಂಟು, ವಿದ್ವಾಂಸರಲ್ಲಿ ಒಮ್ಮತವಾಗಿಲ್ಲ. ನಿರ್ಣಯವು ಏನೇ ಆಗಲಿ, ಚಿನ್ನವನ್ನು ಮಾತ್ರ ಅರಸುವವನು ಕಸದ ದಿಬ್ಬಕ್ಕೆ ಕೈಹಾಕುತ್ತಿರಲಿಲ್ಲ, ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ ಎಂಬುದು ನಿಶ್ಚಯ.

ಇಷ್ಟರಲ್ಲಿ ನದಿಯಿಂದಲೇ ಗುಡಿಗಳಿಗೆ ಕುತ್ತು ಬಂದಿತು. ಬೇಸಾಯಕ್ಕೆ ವರ್ಷವೆಲ್ಲ ನೀರು ಬೇಕೆಂದು ೧೯೦೨ರಲ್ಲಿ ಅಸ್ವಾನಿನಲ್ಲಿ ಕಟ್ಟೆ ಕಟ್ಟಿದರು. ೧೯೧೨ರಲ್ಲಿಯೂ ೧೯೩೩ರಲ್ಲಿಯೂ ಅದನ್ನು ಎತ್ತರಿಸಿದರು. ಫೀಲೆಯ ಗುಡಿಯು ವರ್ಷದ ಬಹುಭಾಗ ನೀರಿನಲ್ಲಿ ನಿಂತಿತು. ಪ್ರವಾಸಿಗಳು ಕಂಬಗಳ ನಡುವೆಯೇ ದೋಣಿ ನಡೆಸಿದರು. ಕಲ್ಲಿನ ಮೇಲಿನ ಪ್ರಾಚೀನ ವರ್ಣಗಳು ಕರಗಿಹೋದುವು. ೧೯೬೦ರಲ್ಲಿ ಇನ್ನೂ ದೊಡ್ಡದಾದ ಹೊಸ ಕಟ್ಟೆಯ ಕೆಲಸವು ಮೊದಲಾಗಿ ೧೯೭೦ರಲ್ಲಿ ಮುಗಿಯಿತು. ಅಬುಸಿಂಬೆಲ್ ಮೊದಲಾದುವೆಲ್ಲ ಶಾಶ್ವತವಾಗಿ ಮುಳುಗತಕ್ಕುದಾಗಿದ್ದಿತು. ೧೯೬೦ನೆಯ ಮಾರ್ಚ್ ೮ರಂದು ಯುನೆಸ್ಕೋ ಸಂಸ್ಥೆಯು ಲೋಕಕ್ಕೆಲ್ಲ ಮೊರೆಯಿಟ್ಟಿತು. ಹಿಂದೆ ಹೊತ್ತೊಯ್ದ ದೇಶಗಳೂ ಏನನ್ನೂ ಒಯ್ಯದ ದೇಶಗಳೂ ಕೂಡಿ ನೆರವಿಗೆ ಬಂದುವು. ಭಾರತದಿಂದಲೂ ಬಿ. ಬಿ. ಲಾಲ್ ಅವರ ನೇತೃತ್ವದಲ್ಲಿ ಪುರಾತತ್ತ್ವ ಇಲಾಖೆಯ ತಂಡವು ೧೯೬೧-೬೨ರಲ್ಲಿ ನ್ಯೂಬಿಯಾದ ಅಫ್ಯೆ ಎಂಬಲ್ಲಿ ಉತ್ಖನನ ನಡೆಸಿತು. ೧೯೬೪ರಿಂದ ೧೯೬೮ರ ವರೆಗೆ ಅಬುಸಿಂಬೆಲಿನ ಗುಡಿಗಳನ್ನು ಸಾವಿರಕ್ಕೂ ಮಿಕ್ಕ ತುಂಡುಗಳಾಗಿ ಕೊಯ್ದು, ಸುಮಾರು ೨೧೦ ಅಡಿ ಮೇಲೆ ಹಿಂದಿನಂತೆಯೇ ಜೋಡಿಸಿದರು. ವರ್ಷದಲ್ಲಿ ಎರಡು ಬಾರಿ ಉದಯದ ಕಿರಣವು ಗರ್ಭಗುಡಿಯ ಮೂರ್ತಿಗಳನ್ನು ಮುಟ್ಟುವ ಏರ್ಪಾಡೂ ಉಳಿಯಿತು. ಫೀಲೆಯನ್ನು ಬಿಡಿಸಿ ಸಮೀಪದ ಅಗಿಲ್ಕಿಯಾ ದ್ವೀಪದಲ್ಲಿ ಕಟ್ಟಿ ೧೯೮೦ರಲ್ಲಿ ತೆರೆದರು.

ಈ ಮಹಾಕಾರ್ಯವನ್ನು ಹೊಗಳುವಾಗ ಒಂದು ಮಾತನ್ನು ಮರೆಯಲಾಗದು. ಆ ನೀರಿನಲ್ಲಿ ನ್ಯೂಬಿಯಾದ ಜನರ ಊರುಗಳೂ ಮುಳುಗಿದುವು. ಈಜಿಪ್ಟಿನ ಭಾಗದಲ್ಲಿ ಸುಮಾರು ೫೦,೦೦೦ ಜನರನ್ನು ೧೯೬೩-೬೪ರಲ್ಲಿ ಕೋಮ್ ಒಂಬೋ ಪ್ರಾಂತಕ್ಕೆ ಎಬ್ಬಿಸಿ ಕಳುಹಿಸಿದರು; ಸೂಡಾನಿನ ವಾದಿ ಹಾಲ್ಫಾದವರು ನೂರಾರು ಮೈಲಿಯಾಚೆಯ ಬಯಲಿಗೆ ಹೋದರು. ಹಿರಿಯರ ಗೋರಿಗಳನ್ನೂ ಖರ್ಜೂರದ ತೋಪುಗಳನ್ನೂ ಕೊಯ್ದು ಮೇಲಕ್ಕೆತ್ತುವ ಯಂತ್ರವಿರಲಿಲ್ಲ. ಜಲಪಾತದಲ್ಲಿ ಹಗ್ಗ ಹಿಡಿದು ಪ್ರವಾಸಿಗಳ ದೋಣಿಗಳನ್ನು ಎಳೆದವರು ಈ ನಾಡಿನವರೇ. ಅವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ಗುಡಿಗಳಿಗೆ ಸಲ್ಲಿಸಿದ ಋಣವನ್ನು ಲೋಕವು ಇವರಿಗೆ ಸಲ್ಲಿಸಿತೆಂದು ಹೇಳುವುದಕ್ಕಾಗದು.

ಇಂದು ಲಕ್ಸರಿಗೂ ಅಸ್ವಾನಿಗೂ ನಡುವೆ ಸುಮಾರು ೧೩೦ ಮೈಲಿಯ ದೂರವನ್ನು ಯಂತ್ರದ ಹಡಗುಗಳು ಕೆಲವೇ ದಿನಗಳಲ್ಲಿ ಕ್ರಮಿಸುತ್ತವೆ. ದಾರಿಯಲ್ಲಿ ಎಸ್ನಾ ಎಂಬ ಊರಿನ ಗುಡಿಯಲ್ಲಿ ಶತಮಾನಗಳ ಮಸಿಯು ಚಾವಣಿಯನ್ನು ಕಪ್ಪಾಗಿಸಿದ್ದಿತು. ೨೦೧೮ರಿಂದ ಈಜಿಪ್ಟಿನ ಕುಶಲಿಗಳು ಜರ್ಮನ್ ವಿದ್ವಾಂಸರೊಡನೆ ಸೇರಿ ಆ ಮಸಿಯನ್ನು ಅಂಗುಲ ಅಂಗುಲವಾಗಿ ಒರೆಸಿದಂತೆ, ಸುಮಾರು ಎರಡು ಸಾವಿರ ವರ್ಷಗಳ ನೀಲಿ, ಕೆಂಪು, ಹಳದಿಗಳು ಹೊಸದಾಗಿ ಬರೆದಂತೆ ಹೊರಬಿದ್ದಿವೆ. ಕೊರೆಯುವುದಕ್ಕೂ ಕೊಯ್ಯುವುದಕ್ಕೂ ಚಾಚಿದ ಕೈಗಳ ಬಳಿಕ, ಒರೆಸುವುದಕ್ಕೆ ಚಾಚಿದ ಕೈಗಳು ಇವು. ದೇವಋಣಾದಿಗಳಂತೆ ದರ್ಶನಕ್ಕೂ ಋಣವುಂಟೆಂಬುದನ್ನು ಇವರು ಬಾಯಿಂದ ಹೇಳಿಲ್ಲ, ತೀರಿಸುತ್ತಿದ್ದಾರೆ. ಹಾಯಿ ಮಡಿಸಿ ಮರಳುವ ದೋಣಿಯಲ್ಲಿ ಯಾತ್ರಿಕನು ಯಾವ ಕಲ್ಲನ್ನೂ ಒಯ್ಯದೆ ಆ ಋಣವೊಂದನ್ನೇ ಹೊತ್ತು ಬಂದರೆ ನೈಲ್ ಯಾತ್ರೆಯು ಸಫಲವಾದಂತೆಯೇ ಸರಿ.